35 ದಾಟಿದ ಮೇಲೆ ಬಂದ ಬುದ್ಧಿ

"ವಿಸ್ಟೀಲಿಯಸ್ ಪ್ರಶಸ್ತಿ ನಂಗೇ ಬರಬೇಕಿತ್ತು," ಅಂತ ಶೀನು ಫೋನು ಪಕ್ಕಕ್ಕಿಟ್ಟು ಘೋಷಿಸಿದ.

"ಅದು ಭೂವಿಜ್ಞಾನದಲ್ಲಿ ಗಣಿತ ಬಳಸೋರಿಗೆ ಕೊಡೋದು. ನಿಂಗೆ ಗಣಿತವೂ ಬರಲ್ಲ, ಭೂಮಿಯೂ ಇಲ್ಲ," ಅಂದಳು ರಮಾ.

"ಅದಲ್ಲ ಅಡ್ಡಿ. ವಯಸ್ಸು 35 ದಾಟಿರಬಾರದಂತೆ. ಕಲ್ಲಿಗೆ 200 ಕೋಟಿ ವರ್ಷ ಆದ್ರೂ ಪರವಾಗಿಲ್ಲ, ಲೆಕ್ಕ ಹಾಕೋನಿಗೆ 36 ಆಗಬಾರದು!"

ಗೊತ್ತಿರುವುದನ್ನು ಉದುರಿಸುವ ಅವಕಾಶ ನಾನು ಬಿಡುವವನಲ್ಲ. "ಹಾಗಾದ್ರೆ ಅದೇ ಸಂಘ ಕೊಡೋ ಕ್ರಂಬೈನ್ ಪದಕಕ್ಕೆ ನೋಡು. ಕ್ರಂಬೈನ್ ಅಂದ್ರೆ ಒಬ್ಬ ಭೂವಿಜ್ಞಾನಿ, ಮರಳಿನ ಕಾಳು ಅಳೆಯೋಕೆ ಫೈ ಅಂತ ಅಳತೆ ತಂದ. 1 ಮಿಲಿಮೀಟರ್ ಕಾಳಿಗೆ ಸೊನ್ನೆ. ಅರ್ಧ ಮಿಲಿಮೀಟರ್ ಆದ್ರೆ 1, ಅದರರ್ಧಕ್ಕೆ 2. ದಪ್ಪ ಆದಷ್ಟೂ ಅಂಕಿ ಇಳಿಯುತ್ತೆ. 2 ಮಿಲಿಮೀಟರಿಗೆ ಮೈನಸ್ 1."

ಶೀನು ತನ್ನ ಹೊಟ್ಟೆ ಸವರಿಕೊಂಡ. "ಆಸ್ಪತ್ರೆಗಳಲ್ಲಿ ಈ ಅಳತೆ ಯಾಕಿಟ್ಟಿಲ್ಲ?"

"ಇವನ್ನೆಲ್ಲ ಕೊಡೋ ಅಂತರರಾಷ್ಟ್ರೀಯ ಸಂಘ ಹುಟ್ಟಿದ್ದು 1968ರ ಆಗಸ್ಟಲ್ಲಿ, ಚೆಕೊಸ್ಲೊವಾಕಿಯಾದ ಪ್ರಾಗ್‌ನಲ್ಲಿ. ಅದೇ ವಾರ ಸೋವಿಯತ್ ಟ್ಯಾಂಕುಗಳು ಊರೊಳಗೆ ನುಗ್ಗಿದ್ದವು. ಮೊದಲ ಅಧ್ಯಕ್ಷ ಯಾರು ಗೊತ್ತಾ? ಇದೇ ವಿಸ್ಟೀಲಿಯಸ್. ಸೋವಿಯತ್ ದೇಶದವನೇ!"

"ಬೀದೀಲಿ ಟ್ಯಾಂಕಿದ್ರೂ ಸಂಘ ಕಟ್ಟಿದ್ರು. ನಮ್ಮ ಸಂಘದ ಸಭೆಗೆ ಎರಡು ಹನಿ ಮಳೆ ಬಿದ್ರೆ ಕೋರಂ ಇರಲ್ಲ," ಅಂದಳು ರಮಾ.

ನಾನು ಬಿಡಲಿಲ್ಲ. "ಕ್ರಂಬೈನ್ ಪದಕ ಪಡೆದವರಲ್ಲಿ ದಕ್ಷಿಣ ಆಫ್ರಿಕಾದ ಡ್ಯಾನಿ ಕ್ರಿಗ ಒಬ್ಬ. ಗಣಿ ಎಂಜಿನಿಯರ್. ಸ್ಯಾಂಪಲ್ಲಲ್ಲಿ ಭಾರೀ ಚಿನ್ನ ಕಂಡ ಕಡೆ ಅಗೆದ್ರೆ ಅಂದಾಜಿಗಿಂತ ಕಡಿಮೆ ಸಿಗ್ತಿತ್ತು. ಏನೂ ಇಲ್ಲ ಅಂದ್ಕೊಂಡ ಕಡೆ ಜಾಸ್ತಿ."

"ರ‍್ಯಾಂಕ್ ಬಂದ ಹುಡುಗರ ಹಾಗೆ," ಅಂದ ಶೀನು.

"ಒಂದೇ ಸ್ಯಾಂಪಲ್ ನಂಬ್ಬೇಡಿ, ಸುತ್ತಲಿನದ್ದನ್ನೂ ಸೇರಿಸಿ ತೂಗಿ ಅಂದ. ಆಮೇಲೆ ಫ್ರಾನ್ಸಿನ ಗಣಿತಜ್ಞ ಮ್ಯಾಥೆರಾನ್ ಅದಕ್ಕೆ ಗಣಿತ ಕಟ್ಟಿ, ಕ್ರಿಗಿಂಗ್ ಅಂತ ಅವನ ಹೆಸರನ್ನೇ ಇಟ್ಟ. ಅದರ ಚೆಂದ ಏನಂದ್ರೆ, ಅಂದಾಜಿನ ಜೊತೆಗೆ ಅದು ಎಷ್ಟು ತಪ್ಪಿರಬಹುದು ಅಂತಾನೂ ಹೇಳುತ್ತೆ."

"ಅಲ್ಲೇ ನಮ್ಮ ಶೀನು ಔಟ್," ಅಂದಳು ರಮಾ. "ಇವನ ಅಂದಾಜು ಯಾವತ್ತೂ ಸುಮ್ನೆ ಬರುತ್ತೆ, ತಪ್ಪು ಮಾತ್ರ ಮನೆಯವರ ತಲೆಗೆ."

"ಪಕ್ಕಪಕ್ಕದ ಸ್ಯಾಂಪಲ್ಲೇ ಒಂದಕ್ಕೊಂದು ಹೋಲದಿದ್ರೆ?" ಅಂತ ಶೀನು ಮಾತು ತಿರುಗಿಸಿದ.

"ಅದಕ್ಕೆ ನಗೆಟ್ ಎಫೆಕ್ಟ್ ಅಂತಾರೆ. ಒಂದರಲ್ಲಿ ಚಿನ್ನದ ಗಟ್ಟಿ, ಗೇಣು ದೂರದ ಇನ್ನೊಂದರಲ್ಲಿ ಬರೀ ಕಲ್ಲು."

ರಮಾ ಒಮ್ಮೆ ಶೀನುವನ್ನು, ಒಮ್ಮೆ ಅವನಿಗೆ ಅಂಟಿಕೊಂಡೇ ಕೂತಿದ್ದ ಅವನ ತಮ್ಮನನ್ನು ನೋಡಿದಳು. ಈ ತಮ್ಮ ಅಷ್ಟು ಹೊತ್ತೂ ಬಾಯಿ ಬಿಟ್ಟಿರಲಿಲ್ಲ.

"ನಂಗಿನ್ನೂ 34," ಅಂದ.