ಹಡಗು ಕೆಟ್ಟು ಕ್ರೂಸ್ ತಡವಾದರೆ, ರದ್ದಾದರೆ? ಗುಂಪಿನ ಪ್ರಶ್ನೋತ್ತರ

ಉತ್ತರ ಕೊಡುತ್ತಿರುವವರು ನಮ್ಮ ಗುಂಪಿನ ಸದಸ್ಯೆ. ಮೊದಲು ಕ್ರೂಸ್ ಹಡಗಿನ ಗೆಸ್ಟ್ ಸರ್ವಿಸ್ ಕೌಂಟರಿನಲ್ಲಿದ್ದರು, ಈಗ ಬೆಂಗಳೂರಿನಲ್ಲಿ ಕ್ರೂಸ್ ಬುಕಿಂಗ್ ನೋಡಿಕೊಳ್ಳುತ್ತಾರೆ. ಎಂಜಿನ್ ವಿಷಯ ಬಂದ ಕಡೆ ಮಂಗಳೂರಿನ ಮರೀನ್ ಎಂಜಿನಿಯರ್ ಒಬ್ಬರು ದನಿಗೂಡಿಸಿದ್ದಾರೆ.

ಪ್ರಶ್ನೆ (ಮೈಸೂರು): ನಮಸ್ಕಾರ ಮೇಡಂ. ಮಗ ಸಿಯಾಟಲ್‌ನಲ್ಲಿದ್ದಾನೆ. ಅವನ ಜೊತೆ 7 ರಾತ್ರಿಯ ಅಲಾಸ್ಕಾ ಕ್ರೂಸ್ ಬುಕ್ ಮಾಡಿದ್ದೇವೆ. ಹೊರಡಲು ಎರಡು ವಾರವೂ ಇಲ್ಲ, ಈಗ ಮೇಲ್ ಬಂದಿದೆ. ಪ್ರೊಪಲ್ಷನ್ ತೊಂದರೆ ಇರುವುದರಿಂದ ಹಡಗು ನಿಧಾನವಾಗಿ ಹೋಗುತ್ತದಂತೆ, ಸ್ಕಾಗ್ವೇ ಬಂದರು ಕೈಬಿಟ್ಟಿದ್ದಾರಂತೆ, ತಲೆಗೆ ಇಷ್ಟು ಅಂತ ಆನ್‌ಬೋರ್ಡ್ ಕ್ರೆಡಿಟ್ (ಹಡಗಿನಲ್ಲೇ ಖರ್ಚು ಮಾಡಬಹುದಾದ ಮೊತ್ತ) ಕೊಡುತ್ತಾರಂತೆ. ನಾವು ಹೊರಟಿದ್ದೇ ಸ್ಕಾಗ್ವೇಯ ವೈಟ್ ಪಾಸ್ ರೈಲು ನೋಡಲಿಕ್ಕೆ. ಪೂರ್ತಿ ದುಡ್ಡು ವಾಪಸ್ ಕೇಳಬಹುದಾ?

ಉತ್ತರ: ಕೇಳಿ ಸರ್, ತಪ್ಪೇನಿಲ್ಲ. ಆದರೆ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಟಿಕೆಟ್ ಕರಾರಿನಲ್ಲಿ ಬಂದರು ಬದಲಿಸುವ, ಬಿಡುವ ಹಕ್ಕನ್ನು ಕಂಪನಿಗಳು ತಮ್ಮ ಹತ್ತಿರವೇ ಇಟ್ಟುಕೊಂಡಿರುತ್ತವೆ. ನೀವು ಕೊಂಡಿರುವುದು ಹಡಗಿನಲ್ಲಿ ಏಳು ರಾತ್ರಿ. ಯಾವ ಊರು ಅನ್ನುವುದು ಅವರ ಲೆಕ್ಕದಲ್ಲಿ ಕೊನೆಗೆ ಬರುತ್ತದೆ.

ಕ್ರೂಸ್ ಕಂಪನಿಗಳ ಸಂಘವಾದ ಸಿಎಲ್‌ಐಎ 2013ರಲ್ಲಿ ಪ್ರಯಾಣಿಕರ ಹಕ್ಕುಗಳ ಒಂದು ಪಟ್ಟಿ ಮಾಡಿತು. ಹಡಗು ಕೆಟ್ಟು ಪ್ರಯಾಣ ರದ್ದಾದರೆ ಪೂರ್ತಿ ಹಣ, ಅರ್ಧದಲ್ಲೇ ಮುಗಿದರೆ ಒಂದು ಪಾಲು ಹಣ. ಬೇರೆ ಬಂದರಿನಲ್ಲಿ ಇಳಿಸಿ ರಾತ್ರಿ ಕಳೆಯಬೇಕಾದರೆ ತಂಗಲು ಜಾಗ. ಇಳಿಯಬೇಕಿದ್ದ ಬಂದರಿಗೋ ನಿಮ್ಮೂರಿಗೋ ತಲುಪಿಸುವ ಹೊಣೆ. ಇಷ್ಟೆಲ್ಲಾ ಇದೆ. ಒಂದು ಬಂದರು ಬಿಟ್ಟುಹೋದರೆ ಇಷ್ಟು ವಾಪಸ್ ಅನ್ನುವ ಮಾತು ಮಾತ್ರ ಅದರಲ್ಲಿ ಇಲ್ಲ.

ಹಾಗಾಗಿ ರೀಫಂಡ್ ಅನ್ನುವ ಬದಲು, ದಂಡವಿಲ್ಲದೆ ಕ್ಯಾನ್ಸಲ್ ಮಾಡಲು ಅಥವಾ ಬೇರೆ ತಾರೀಖಿಗೆ ಬದಲಿಸಲು ಬಿಡುತ್ತೀರಾ ಅಂತ ಕೇಳಿ. ಮೊದಲೇ ತಿಳಿಸಿದ ಬದಲಾವಣೆಗೆ ಕೆಲವು ಕಂಪನಿಗಳು ಒಪ್ಪುತ್ತವೆ. ಬುಕ್ ಮಾಡಿಕೊಟ್ಟ ಏಜೆಂಟ್ ಕಡೆಯಿಂದಲೇ, ಮೇಲ್‌ನಲ್ಲೇ ಕೇಳಿಸಿ. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಸ್ಕಾಗ್ವೇಗೆ ಕಟ್ಟಿದ ಬಂದರು ಶುಲ್ಕ, ತೆರಿಗೆ ನಿಮಗೆ ಹಿಂದಿರುಗಬೇಕು. ಅದನ್ನು ಸಾಮಾನ್ಯವಾಗಿ ಹಡಗಿನ ಖಾತೆಗೇ ಹಾಕುತ್ತಾರೆ. ರೈಲಿನ ಟಿಕೆಟ್ ಹಡಗಿನವರಲ್ಲೇ ಕೊಂಡಿದ್ದರೆ ಆ ಹಣ ತಾನಾಗಿ ಬರುತ್ತದೆ. ಹೊರಗಡೆ ಕೊಂಡಿದ್ದರೆ ಇವತ್ತೇ ಮೇಲ್ ಹಾಕಿ.

ಮರುಪ್ರಶ್ನೆ (ಮೈಸೂರು): ಸ್ಕಾಗ್ವೇ ಬದಲು ಕೆನಡಾದ ವಿಕ್ಟೋರಿಯಾ ಬಿಡಬಹುದಿತ್ತಲ್ವಾ? ಅಲ್ಲಿ ಸಂಜೆ ಮೇಲೆ ಹೋಗಿ ನಾಲ್ಕು ಗಂಟೆ ನಿಲ್ಲುತ್ತಾರೆ ಅಷ್ಟೇ. ಅದಕ್ಕಂತಲೇ ಕೆನಡಾ ವೀಸಾ ಬೇರೆ ಮಾಡಿಸಿದ್ದೇವೆ.

ಉತ್ತರ: ಬಿಡುವ ಹಾಗಿಲ್ಲ ಸರ್. ಅಮೆರಿಕದಲ್ಲಿ 1886ರ ಒಂದು ಕಾನೂನು ಇದೆ. ವಿದೇಶಿ ಬಾವುಟದ ಹಡಗು ಬರೀ ಅಮೆರಿಕದ ಬಂದರುಗಳ ನಡುವೆ ಜನರನ್ನು ಒಯ್ಯುವಂತಿಲ್ಲ. ದೊಡ್ಡ ಕ್ರೂಸ್ ಹಡಗುಗಳ ಬಾವುಟ ಬಹಾಮಾಸ್, ಪನಾಮಾ, ಬರ್ಮುಡಾ, ಮಾಲ್ಟಾ ಹೀಗೆ ಬೇರೆ ದೇಶಗಳದ್ದು. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರಬೇಕಾದರೆ ನಡುವೆ ಒಂದು ವಿದೇಶಿ ಬಂದರು ಮುಟ್ಟಲೇಬೇಕು. ವಿಕ್ಟೋರಿಯಾ ಇರುವುದು ಅದಕ್ಕೇ. ಕೋವಿಡ್ ಕಾಲದಲ್ಲಿ ಕೆನಡಾ ಬಂದರುಗಳು ಮುಚ್ಚಿದ್ದಾಗ ಅಲಾಸ್ಕಾ ಕ್ರೂಸ್ ನಡೆಸಲು 2021ರಲ್ಲಿ ಅಮೆರಿಕದ ಸಂಸತ್ತು ಪ್ರತ್ಯೇಕ ಕಾನೂನೇ ಮಾಡಬೇಕಾಯಿತು. ಹಡಗು ನಿಧಾನವಾದಾಗ ನಾವು ಆಸೆಪಟ್ಟ ಊರು ಹೋಗುತ್ತದೆ, ಕಾನೂನಿಗೆ ಬೇಕಾದ ಊರು ಉಳಿಯುತ್ತದೆ.

ಪ್ರಶ್ನೆ (ಹುಬ್ಬಳ್ಳಿ): ಈ ಪ್ರೊಪಲ್ಷನ್ ತೊಂದರೆ ಅಂದರೆ ಏನು? ಎರಡು ವಾರ ಟೈಮ್ ಇದ್ದರೂ ರಿಪೇರಿ ಆಗುವುದಿಲ್ಲವಾ?

ಎಂಜಿನಿಯರ್: ಇದಕ್ಕೆ ನಾನು ಹೇಳುತ್ತೇನೆ. ಪ್ರೊಪಲ್ಷನ್ ಅಂದರೆ ಹಡಗನ್ನು ಮುಂದೆ ತಳ್ಳುವ ವ್ಯವಸ್ಥೆ. ಈಗಿನ ಬಹಳಷ್ಟು ಕ್ರೂಸ್ ಹಡಗುಗಳಲ್ಲಿ ಪ್ರೊಪೆಲರ್ ತಿರುಗಿಸುವ ಉದ್ದನೆಯ ಶಾಫ್ಟ್ ಇರುವುದಿಲ್ಲ. ಹಿಂಭಾಗದಲ್ಲಿ, ನೀರೊಳಗೆ, ಪಾಡ್ ತೂಗುಹಾಕಿರುತ್ತಾರೆ. ಅದರೊಳಗೆ ಎಲೆಕ್ಟ್ರಿಕ್ ಮೋಟರ್, ತುದಿಗೆ ಪ್ರೊಪೆಲರ್. ಇಡೀ ಪಾಡ್ ಸುತ್ತ ತಿರುಗುತ್ತದೆ, ಹಾಗಾಗಿ ಚುಕ್ಕಾಣಿ ಬೇರೆ ಬೇಡ. ಎಬಿಬಿ ಕಂಪನಿಯ ಅಜಿಪಾಡ್ ಮೊದಲು ಕೂತ ಕ್ರೂಸ್ ಹಡಗು ಕಾರ್ನಿವಲ್ ಇಲೇಷನ್, 1998ರಲ್ಲಿ. ಇಂಧನ ಉಳಿಯುತ್ತದೆ, ಹಡಗು ತಿರುಗಿಸುವುದು ಸಲೀಸು. ಆದರೆ ಬೇರಿಂಗ್ ಅಥವಾ ಸೀಲ್ ಹೋದರೆ ಕಷ್ಟ. ಸಣ್ಣಪುಟ್ಟದ್ದನ್ನು ಒಳಗಿಳಿದು ಸರಿಮಾಡಬಹುದು. ದೊಡ್ಡದಾದರೆ ಹಡಗನ್ನು ಡ್ರೈ ಡಾಕ್‌ಗೆ (ರಿಪೇರಿ ಕಟ್ಟೆಗೆ) ಒಯ್ದು ಅಲ್ಲಿನ ನೀರು ಖಾಲಿ ಮಾಡಲೇಬೇಕು.

ಇಷ್ಟು ದೊಡ್ಡ ಹಡಗು ಹಿಡಿಸುವ ಡಾಕ್ ಎಲ್ಲೆಲ್ಲೂ ಇರುವುದಿಲ್ಲ. ಬಹಾಮಾಸ್‌ನ ಫ್ರೀಪೋರ್ಟ್, ಸ್ಪೇನ್‌ನ ಕಾಡಿಜ್, ಫ್ರಾನ್ಸ್‌ನ ಮಾರ್ಸೆ, ಸಿಂಗಪುರ, ಹೀಗೆ ಕೆಲವು. ಅಲ್ಲೂ ಸರದಿ ಮೊದಲೇ ಬುಕ್ ಆಗಿರುತ್ತದೆ. ಬಿಡಿಭಾಗವೂ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಅದಕ್ಕೇ ಒಂದು ಪಾಡ್ ಕೈಕೊಟ್ಟರೂ ಸುರಕ್ಷಿತವಾಗಿದ್ದರೆ, ನಿಧಾನವಾಗಿ ಓಡಿಸುತ್ತಾ ಡಾಕ್ ಸಿಗುವವರೆಗೆ ತಳ್ಳುತ್ತಾರೆ.

ಒಂದು ಸಣ್ಣ ಲೆಕ್ಕ ನೋಡಿ. ಹಡಗಿನ ವೇಗ ಸ್ವಲ್ಪ ಏರಿಸಬೇಕಾದರೂ ಶಕ್ತಿ ವಿಪರೀತ ಬೇಕು, ವೇಗದ ಘನಕ್ಕೆ ತಕ್ಕಂತೆ. ಅದೇ ಕಾರಣಕ್ಕೆ ಅರ್ಧ ಶಕ್ತಿ ಹೋದರೂ ವೇಗ ಅರ್ಧ ಆಗುವುದಿಲ್ಲ. 22 ನಾಟ್ (ಗಂಟೆಗೆ 22 ನಾಟಿಕಲ್ ಮೈಲಿ) ಹೋಗುವ ಹಡಗು 17ರ ಆಸುಪಾಸು ಹೋಗುತ್ತದೆ. ಸಿಯಾಟಲ್‌ನಿಂದ ಜೂನೋಗೆ ಹತ್ತಿರಹತ್ತಿರ 900 ನಾಟಿಕಲ್ ಮೈಲಿ. 22 ನಾಟ್‌ಗೆ 41 ಗಂಟೆ, 17ಕ್ಕೆ 53 ಗಂಟೆ. ಆ 12 ಗಂಟೆಯೇ ನಿಮ್ಮ ಸ್ಕಾಗ್ವೇ!

ಪ್ರಶ್ನೆ (ಬೆಂಗಳೂರು): ಅಕ್ಕ, ನಮ್ಮದು ಬಾರ್ಸಿಲೋನಾದಿಂದ ಹೊರಡುವ ಕ್ರೂಸ್. ಬೆಂಗಳೂರಿನ ಏಜೆಂಟ್ ಹತ್ತಿರ ಕೊಂಡಿದ್ದು, ವಿಮಾನ ಬೇರೆ ತೆಗೆದುಕೊಂಡಿದ್ದೇವೆ. ಹಿಂದಿನ ಟ್ರಿಪ್ ಎಂಜಿನ್ ತೊಂದರೆಯಿಂದ ತಡವಾಗಿ ಬಂತಂತೆ. ನಮ್ಮದೂ ರದ್ದಾಗಬಹುದು ಅಂತ ಗ್ರೂಪ್‌ನಲ್ಲಿ ಗುಸುಗುಸು. ಈಗಲೇ ಕ್ಯಾನ್ಸಲ್ ಮಾಡಿಬಿಡಲಾ?

ಉತ್ತರ: ಬೇಡ ತಂಗಿ, ದಯವಿಟ್ಟು ಬೇಡ. ಕೌಂಟರಿನಲ್ಲಿ ಕೂತು ನಾನು ಜಾಸ್ತಿ ನೋಡಿದ ಸಂಕಟವೇ ಇದು. ನೀವೇ ಕ್ಯಾನ್ಸಲ್ ಮಾಡಿದರೆ ದಂಡ ನಿಮ್ಮದು, ಕೊನೇ ಘಳಿಗೆಯಲ್ಲಿ ಅದು ಪೂರ್ತಿ ಹಣವೇ ಆಗಬಹುದು. ಮಾರನೇ ದಿನ ಕಂಪನಿಯೇ ರದ್ದು ಮಾಡಿದರೆ ಉಳಿದವರಿಗೆ ಪೂರ್ತಿ ವಾಪಸ್, ನಿಮಗಿಲ್ಲ. ಕಂಪನಿ ಬಾಯಿ ಬಿಡುವವರೆಗೆ ಕಾಯಿರಿ.

ರದ್ದಾದರೆ ಮೇಲ್‌ನಲ್ಲಿ ಎರಡು ದಾರಿ ತೋರಿಸುತ್ತಾರೆ. ಒಂದು ಹಣ, ಇನ್ನೊಂದು ಫ್ಯೂಚರ್ ಕ್ರೂಸ್ ಕ್ರೆಡಿಟ್, ಅಂದರೆ ಮುಂದಿನ ಕ್ರೂಸ್‌ಗೆ ಮಾತ್ರ ಬಳಸುವ ಮೊತ್ತ. ಕ್ರೆಡಿಟ್ ಮೊತ್ತ ದೊಡ್ಡದಾಗಿ ಕಾಣುವ ಹಾಗೆ ಬರೆದಿರುತ್ತಾರೆ. ಅದಕ್ಕೆ ಅವಧಿ ಇರುತ್ತದೆ, ಸಾಮಾನ್ಯವಾಗಿ ಬೇರೆಯವರ ಹೆಸರಿಗೆ ಹೋಗುವುದಿಲ್ಲ. ಊರಿನಿಂದ ವರ್ಷಕ್ಕೊಮ್ಮೆಯೂ ಕ್ರೂಸ್ ಮಾಡದ ನಮ್ಮಂಥವರಿಗೆ ಹಣವೇ ಒಳ್ಳೆಯದು. ಹಣದ ಜೊತೆಗೆ ಕ್ರೆಡಿಟ್ ಕೊಟ್ಟರೆ ಬಿಡಬೇಡಿ ಮತ್ತೆ.

ನಿಜವಾದ ಪೆಟ್ಟು ವಿಮಾನದ ಟಿಕೆಟ್‌ಗೆ. ಕರಾರಿನ ಪ್ರಕಾರ ಅದು ಅವರ ಹೊಣೆಯಲ್ಲ. ಆದರೂ ಟಿಕೆಟ್ ಬದಲಿಸಿದ ಖರ್ಚನ್ನು ಒಂದು ಮಿತಿಯವರೆಗೆ ಕೊಡುವ ಕಂಪನಿಗಳಿವೆ. ರಸೀದಿ ಎಲ್ಲಾ ಇಟ್ಟುಕೊಳ್ಳಿ. ವಿಮಾನ ಕ್ರೂಸ್ ಕಂಪನಿಯ ಮೂಲಕವೇ ಕೊಂಡಿದ್ದರೆ ಮರುವ್ಯವಸ್ಥೆ ಅವರ ತಲೆನೋವು.

ಯುರೋಪಿನ ಬಂದರಿನಿಂದ ಹೊರಡುವುದರಿಂದ ನಿಮಗೆ ಇನ್ನೊಂದು ಅನುಕೂಲ ಇದೆ. ಯುರೋಪಿಯನ್ ಒಕ್ಕೂಟದ 1177/2010 ನಿಯಮದ ಪ್ರಕಾರ, ಹೊರಡುವುದು 90 ನಿಮಿಷಕ್ಕಿಂತ ಜಾಸ್ತಿ ತಡವಾದರೆ ಊಟ ತಿಂಡಿ ಕೊಡಬೇಕು. ರಾತ್ರಿ ಕಳೆಯಬೇಕಾದರೆ ತಂಗುವ ವ್ಯವಸ್ಥೆ. ಹೋಟೆಲ್ ಖರ್ಚನ್ನು ರಾತ್ರಿಗೆ ಒಬ್ಬರಿಗೆ 80 ಯೂರೋ, 3 ರಾತ್ರಿ ಅಂತ ಕಂಪನಿ ಮಿತಿ ಹಾಕಬಹುದು. ತಡಕ್ಕೆ ಟಿಕೆಟ್‌ನ 25 ಪರ್ಸೆಂಟ್, 50 ಪರ್ಸೆಂಟ್ ಪರಿಹಾರ ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತದಲ್ಲ, ಅದು ಫೆರ್ರಿಗಳಿಗೆ. ಕ್ರೂಸ್‌ಗೆ ಅನ್ವಯಿಸುವುದಿಲ್ಲ.

ಹಾಗೇ ಇನ್ನೊಂದು. ಪ್ಯಾಕೇಜ್ ಕೊಳ್ಳುವಾಗ ಟಿಸಿಎಸ್ (ಏಜೆಂಟ್ ನಿಮ್ಮಿಂದ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಕಟ್ಟಿರುತ್ತೀರಿ. ಏಜೆಂಟ್ ಅದನ್ನು ಈಗಾಗಲೇ ಇಲಾಖೆಗೆ ಕಟ್ಟಿದ್ದರೆ ಇಲಾಖೆಯಲ್ಲಿರುವ ನಿಮ್ಮ ತೆರಿಗೆ ವಿವರದಲ್ಲಿ ಕಾಣುತ್ತದೆ. ಅದಕ್ಕಾಗಿ ಏಜೆಂಟ್ ಜೊತೆ ಜಗಳ ಬೇಡ, ರಿಟರ್ನ್‌ನಲ್ಲಿ ತೋರಿಸಿ.

ಪ್ರಶ್ನೆ (ಸ್ಯಾನ್ ಹೋಸೆ): ಅಮೆರಿಕದಿಂದ ಹೊರಡುವುದಕ್ಕೆ ಇಂಥ ನಿಯಮ ಇಲ್ವಾ?

ಉತ್ತರ: ಇದೆ. ಹಡಗು ಸಾರಿಗೆ ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಮ್ಯಾರಿಟೈಮ್ ಕಮಿಷನ್ 2022ರಿಂದ ಜಾರಿಗೆ ತಂದ ನಿಯಮ. ಹೊರಡುವುದು 3 ದಿನ ಅಥವಾ ಅದಕ್ಕಿಂತ ಜಾಸ್ತಿ ತಡವಾದರೆ, ನಾನು ಹೋಗುವುದಿಲ್ಲ ಅಂದವರಿಗೆ ಹಣ ವಾಪಸ್ ಕೊಡಬೇಕು. ಒಂದು ದಿನ ತಡವಾದರೆ ಈ ನಿಯಮ ಕೆಲಸಕ್ಕೆ ಬರುವುದಿಲ್ಲ, ಕಂಪನಿಯ ಔದಾರ್ಯ ಅಷ್ಟೇ.

ಪ್ರಶ್ನೆ (ದಾವಣಗೆರೆ): ಇನ್ಶೂರೆನ್ಸ್ ಇದ್ದರೆ ಸಾಕಲ್ವಾ?

ಉತ್ತರ: ಯಾವ ಇನ್ಶೂರೆನ್ಸ್ ಅನ್ನುವುದರ ಮೇಲೆ. ನಮ್ಮಲ್ಲಿ ಮಾರುವ ಬಹಳಷ್ಟು ಪಾಲಿಸಿಗಳ ಜೀವ ಆಸ್ಪತ್ರೆ ಖರ್ಚು ಮತ್ತು ವಿಮಾನದ ತಡ. ಅದರಲ್ಲಿ ಕಾಮನ್ ಕ್ಯಾರಿಯರ್ (ಸಾರ್ವಜನಿಕ ಸಾರಿಗೆ) ಅಂದರೆ ಏನೇನು ಅಂತ ಬರೆದಿದ್ದಾರೆ ನೋಡಿ. ಹಡಗು ಸೇರಿದೆಯಾ, ಯಂತ್ರದ ತೊಂದರೆ ಸೇರಿದೆಯಾ, ಈ ಎರಡನ್ನು ಕೇಳಿ ಉತ್ತರ ಮೇಲ್‌ನಲ್ಲಿ ತರಿಸಿಕೊಳ್ಳಿ. ಹಡಗು ಕೆಟ್ಟ ಸುದ್ದಿ ಹೊರಬಿದ್ದ ಮೇಲೆ ಪಾಲಿಸಿ ಕೊಂಡರೆ ಕ್ಲೇಮ್ ಆಗುವುದಿಲ್ಲ.

ವೀಸಾ ಕೂಡ ಇಲ್ಲೇ ಹೇಳಿಬಿಡುತ್ತೇನೆ, ನಮ್ಮ ಪಾಸ್‌ಪೋರ್ಟ್‌ನವರಿಗೆ ಇದು ಮುಖ್ಯ. ಕೆಟ್ಟ ಹಡಗು ಯಾವ ಬಂದರಿಗೆ ಹೋಗುತ್ತದೋ ಹೇಳಲಾಗದು. ಶೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಸಿಂಗಲ್ ಎಂಟ್ರಿ ಆಗಿದ್ದು, ಹಡಗು ನಡುವೆ ಟರ್ಕಿಯಂಥ ಹೊರಗಿನ ದೇಶಕ್ಕೆ ಹೋಗಿಬಂದರೆ ಮತ್ತೆ ಒಳಬರುವುದೇ ತೊಡಕು. ಮಲ್ಟಿಪಲ್ ಎಂಟ್ರಿ ಕೇಳಿ, ಕ್ರೂಸ್ ಮುಗಿಯುವ ತಾರೀಖಿನ ನಂತರವೂ ಕೆಲವು ದಿನ ಇರುವ ಹಾಗೆ.

ಕಾಮೆಂಟ್ (ತುಮಕೂರು): ಇಷ್ಟೆಲ್ಲಾ ಯಾಕೆ, ಸುಮ್ನೆ ಊಟಿಗೆ ಹೋಗಿ ಬನ್ನಿ.

ಉತ್ತರ: ಘಾಟಿಯಲ್ಲಿ ಬಸ್ ಕೆಟ್ಟರೆ ಊಟ ಯಾರು ಕೊಡುತ್ತಾರೆ ಸರ್? 😀

ಪ್ರಶ್ನೆ (ಉಡುಪಿ): ನಡುಸಮುದ್ರದಲ್ಲಿ ಪೂರ್ತಿ ನಿಂತುಬಿಟ್ಟರೆ? ಅಮ್ಮನನ್ನು ಕರೆದುಕೊಂಡು ಹೋಗಬೇಕು, ಭಯ ಆಗುತ್ತದೆ.

ಎಂಜಿನಿಯರ್: ಆಗಿದೆ, ಮುಚ್ಚಿಡುವುದಿಲ್ಲ. 2013ರ ಫೆಬ್ರವರಿಯಲ್ಲಿ ಕಾರ್ನಿವಲ್ ಟ್ರಯಂಫ್ ಹಡಗಿನಲ್ಲಿ ಇಂಧನದ ಹೋಸ್ ಸೋರಿ ಎಂಜಿನ್ ರೂಮಿನಲ್ಲಿ ಬೆಂಕಿ ಬಿತ್ತು. ಹಡಗಿನಲ್ಲಿ 4,200ಕ್ಕೂ ಜಾಸ್ತಿ ಜನ. ಕರೆಂಟ್ ಹೋಗಿ ಟಾಯ್ಲೆಟ್ ಕೂಡ ನಿಂತಿತು. ಅಲಬಾಮಾದ ಮೊಬೈಲ್ ಬಂದರಿಗೆ ಎಳೆದು ತರುವಷ್ಟರಲ್ಲಿ ನಾಲ್ಕು ದಿನ. ಮೇಡಂ ಹೇಳಿದ ಹಕ್ಕುಗಳ ಪಟ್ಟಿ ಬಂದದ್ದು ಅದಾಗಿ ಮೂರು ತಿಂಗಳಿಗೆ. 2019ರ ಮಾರ್ಚ್‌ನಲ್ಲಿ ನಾರ್ವೆ ಹತ್ತಿರ ವೈಕಿಂಗ್ ಸ್ಕೈ ಬಿರುಗಾಳಿಯಲ್ಲಿ ನಿಂತುಹೋಯಿತು. ಎಂಜಿನ್ ಸವೆಯದಂತೆ ಹಾಕುವ ಲೂಬ್ ಆಯಿಲ್ ಮಟ್ಟ ಕಡಿಮೆ ಇತ್ತು, ಹಡಗು ಹೊಯ್ದಾಡಿ ಎಂಜಿನ್‌ಗಳು ಬಂದ್ ಆದವು. 479 ಜನರನ್ನು ಹೆಲಿಕಾಪ್ಟರ್‌ನಲ್ಲಿ ಎತ್ತಿದರು.

2010ರ ಜುಲೈ 1ರ ನಂತರ ಕಟ್ಟಲು ಶುರುಮಾಡಿದ ದೊಡ್ಡ ಪ್ರಯಾಣಿಕ ಹಡಗುಗಳಿಗೆ ಕಟ್ಟುನಿಟ್ಟಿನ ನಿಯಮ ಇದೆ. ನಿಗದಿತ ಮಿತಿಯೊಳಗಿನ ಬೆಂಕಿಯಾಗಲಿ, ಒಂದು ಕೋಣೆಗೆ ನೀರು ನುಗ್ಗುವುದಾಗಲಿ ಆದರೂ ಹಡಗು ತನ್ನ ಶಕ್ತಿಯಲ್ಲೇ ಬಂದರು ಸೇರಬೇಕು, ಜನರಿಗೆ ನೀರು, ಊಟ, ಶೌಚ, ಬೆಳಕು ಇರಬೇಕು. ವೈಕಿಂಗ್ ಸ್ಕೈ ಇದಾದ ಮೇಲಿನ ಹಡಗೇ, ಹಾಗಾಗಿ ನೂರಕ್ಕೆ ನೂರು ಅನ್ನಲಾರೆ. ಅಮ್ಮನಿಗೆ ಹೊಸ ಹಡಗು, ಲಿಫ್ಟ್ ನಿಂತರೂ ತೊಂದರೆಯಾಗದ ಕೆಳಗಿನ ಡೆಕ್ ನೋಡಿ. ಮಾತ್ರೆಗಳನ್ನು ಬೇಕಾದ್ದಕ್ಕಿಂತ ಒಂದು ವಾರದಷ್ಟು ಜಾಸ್ತಿಯೇ ಒಯ್ಯಿರಿ, ಕೈಚೀಲದಲ್ಲೇ ಇರಲಿ.

ಪ್ರಶ್ನೆ (ಬೆಳಗಾವಿ): ಕಂಪನಿ ಹಣ ಕೊಡದೆ ಸತಾಯಿಸಿದರೆ ಇಲ್ಲಿಂದ ಕೇಸ್ ಹಾಕಬಹುದಾ?

ಉತ್ತರ: ಇಲ್ಲಿನ ಏಜೆಂಟ್ ಅಥವಾ ಇಲ್ಲಿ ವ್ಯವಹಾರ ಮಾಡುವ ಕಂಪನಿಯಾದರೆ ಹಾಕಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಲು ಅವಕಾಶ ಇದೆ, ಎರಡು ವರ್ಷದೊಳಗೆ. ನೀವು ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಎಷ್ಟೋ ಸಲ ಅಲ್ಲಿಗೇ ಕೆಲಸ ಆಗುತ್ತದೆ. ಅಮೆರಿಕದ ಕಂಪನಿಯಲ್ಲಿ ನೇರವಾಗಿ ಕೊಂಡಿದ್ದರೆ ಕಷ್ಟ. ದಾವೆ ಇಂಥ ಊರಿನಲ್ಲೇ ಹಾಕಬೇಕು ಅಂತ ಟಿಕೆಟ್‌ನಲ್ಲೇ ಇರುತ್ತದೆ, ಬಹಳ ಸಲ ಫ್ಲಾರಿಡಾ. ಅಂಥ ಷರತ್ತು ನಡೆಯುತ್ತದೆ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ, ಅದೂ ಅಮೆರಿಕದವರೇ ಹಾಕಿದ ಕೇಸಿನಲ್ಲಿ.

ಪ್ರಶ್ನೆ (ಶಿವಮೊಗ್ಗ): ನಮ್ಮ ಹಡಗು ಸರಿ ಇದೆಯಾ ಅಂತ ಮೊದಲೇ ತಿಳಿಯುವ ದಾರಿ ಇದೆಯಾ?

ಎಂಜಿನಿಯರ್: ಸ್ವಲ್ಪ ಇದೆ. ಮರೀನ್‌ಟ್ರಾಫಿಕ್‌ನಂಥ ಆಪ್‌ನಲ್ಲಿ ಹಡಗಿನ ಹೆಸರು ಹಾಕಿದರೆ ಈಗಿನ ವೇಗ, ಬಂದರು ಸೇರಿದ ಸಮಯ ಕಾಣುತ್ತದೆ. ಹಿಂದಿನ ಎರಡು ಮೂರು ಟ್ರಿಪ್‌ನಲ್ಲಿ ಸತತವಾಗಿ ತಡವಾಗಿ ಬರುತ್ತಿದ್ದರೆ, ಬಂದರು ಬಿಡುತ್ತಿದ್ದರೆ ಏನೋ ಇದೆ ಅಂತ ಅರ್ಥ. ಹತ್ತುವ ದಿನ ಬೆಳಿಗ್ಗೆ ಎದ್ದ ತಕ್ಷಣ ಅದನ್ನು ನೋಡಿ. ಹಡಗು ಇನ್ನೂ ಸಮುದ್ರದಲ್ಲೇ ಇದ್ದರೆ ಹೋಟೆಲ್ ರೂಮ್ ಖಾಲಿ ಮಾಡುವ ಮುಂಚೆ ಕೌಂಟರಿನಲ್ಲಿ ಲೇಟ್ ಚೆಕೌಟ್ ಕೇಳಿ. ನಿಮ್ಮ ಹಿಂದೆಯೇ ಉಳಿದವರೂ ಕೇಳಲು ಬರುತ್ತಾರೆ.