ಅರಿಶಿನದ ಹಾಲಿಗೆ ಮೆಣಸು ಹಾಕ್ಲೇಬೇಕಾ? ಮಾಡಿ ನೋಡಿದೋರು ಹೇಳಿ

ನಮ್ದು ತುಮಕೂರು. ಅಮ್ಮಂಗೆ ಮಂಡಿ ನೋವು, ದಿನಾ ರಾತ್ರಿ ಅರಿಶಿನದ ಹಾಲು ಕುಡೀತಾರೆ. ಪಕ್ಕದ್ಮನೆ ಆಂಟಿ ಮೆಣಸು ಹಾಕ್ದೆ ಇದ್ರೆ ಮೈಗೆ ಹತ್ತಲ್ಲ ಅಂತಾರೆ, ತಮ್ಮ ಕ್ಯಾಪ್ಸೂಲ್ ತರಿಸೋಣ ಅಂತಿದಾನೆ. ಬಿಪಿ ಮಾತ್ರೆನೂ ನಡೀತಿದೆ. ಏನ್ಮಾಡ್ಲಿ?

ಗುಬ್ಬಿ ಕಡೆಯಿಂದ: ನಮ್ಮತ್ತೆ ಮೆಣಸು ಕುಟ್ಟಿ ಹಾಕಿ ಮೇಲೊಂದು ಚೂರು ತುಪ್ಪ ಬಿಡ್ತಾರೆ. ಕೆಮ್ಮಿಗೆ ಗಂಟಲು ಹಾಯಾಗುತ್ತೆ, ಮಂಡಿ ನೋವು ಮಾತ್ರ ಹೆಂಗಿತ್ತೋ ಹಂಗೇ ಇದೆ.

ಚಿಂತಾಮಣಿಯಿಂದ: ನಾನು ಮೆಡಿಕಲ್ ಸ್ಟೋರ್ ನಡೆಸ್ತೀನಿ, ಇದನ್ನ ಕೇಳ್ಕೊಂಡು ಬರೋರು ಜಾಸ್ತಿ. ಆಂಟಿ ಹೇಳಿದ್ದು ನಿಜಾನೇ. ಅರಿಶಿನದಲ್ಲಿ ಕೆಲಸ ಮಾಡೋದು ಅಂತ ಹೇಳೋ ಕರ್ಕ್ಯುಮಿನ್ ನೀರಲ್ಲಿ ಕರಗಲ್ಲ, ಕರುಳಿಂದ ಒಳಗೆ ಹೋಗೋದೇ ಸ್ವಲ್ಪ, ಹೋಗಿದ್ದನ್ನೂ ಕರುಳಿನ ಗೋಡೆ ಮತ್ತೆ ಲಿವರ್ ಬೇಗ ಬೇರೆ ರೂಪಕ್ಕೆ ತಿರುಗಿಸಿ ಆಚೆ ಕಳಿಸಿಬಿಡ್ತವೆ. ಮೆಣಸಿನ ಪೈಪರಿನ್ ಆ ಕೆಲಸನ ತಡೆಯುತ್ತೆ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನೋರೇ ಇದನ್ನ ತೋರಿಸಿದ್ದು, 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ರೆ ರಕ್ತಕ್ಕೆ ಸೇರೋದು ಸುಮಾರು 20 ಪಟ್ಟು ಜಾಸ್ತಿ ಆಯ್ತು.

ಆದ್ರೆ ಲೆಕ್ಕ ಹಾಕಿ ನೋಡಿ, ಅರಿಶಿನ ಪುಡೀಲಿ ಕರ್ಕ್ಯುಮಿನ್ ಇರೋದು 3% ಆಸುಪಾಸು, ಅಂದ್ರೆ ಒಂದು ಟೀ ಚಮಚಕ್ಕೆ 100 ಮಿಲಿಗ್ರಾಂ ಕೂಡ ಬರಲ್ಲ, ಆ 2 ಗ್ರಾಂ ಆಗ್ಬೇಕು ಅಂದ್ರೆ ಇಪ್ಪತ್ತು ಚಮಚಕ್ಕೂ ಮೇಲೆ. ಯಾರು ಕುಡೀತಾರೆ ಸ್ವಾಮಿ? ಹಾಲು ಕುಡೀಲಿ, ಕೆನೆ ತೆಗೀಬೇಡಿ, ಮೆಣಸು ಇಡಿಯಾಗಿ ತೇಲಿಸ್ಬೇಡಿ, ನಾಕು ಕಾಳು ಕುಟ್ಟಿ ಹಾಕಿ, ಅಷ್ಟೇ. ಮಾತ್ರೆ ಬಿಟ್ಟು ಇದನ್ನೇ ನಂಬ್ಕೊಂಡು ಕೂರೋದು ಬೇಡ.

ಕ್ಯಾಪ್ಸೂಲ್ ಕಥೆ ಬೇರೆ. ಸುಮಾರು ಕ್ಯಾಪ್ಸೂಲಲ್ಲಿ 95% ಕರ್ಕ್ಯುಮಿನಾಯ್ಡ್ (ಕರ್ಕ್ಯುಮಿನ್ ಮತ್ತೆ ಅದರ ಜಾತಿಯವು) ಇರುತ್ತೆ, ಜೊತೆಗೆ ಪೈಪರಿನ್ ಕೂಡ ಸೇರಿಸಿರ್ತಾರೆ. ಪೈಪರಿನ್ನಿಗೆ ಅರಿಶಿನ ಯಾವ್ದು ಮಾತ್ರೆ ಯಾವ್ದು ಅಂತ ಗೊತ್ತಾಗಲ್ಲ, ಫಿಟ್ಸಿಗೆ ಕೊಡೋ ಫೆನಿಟಾಯಿನ್, ಬಿಪಿಗೆ ಕೊಡೋ ಪ್ರೊಪ್ರಾನೊಲಾಲ್ ಇವೂ ರಕ್ತದಲ್ಲಿ ಜಾಸ್ತಿ ಆಗ್ತವೆ. ರಕ್ತ ತೆಳು ಮಾಡೋ ಮಾತ್ರೆ ತಗೊಳೋರು, ಪಿತ್ತಕೋಶದಲ್ಲಿ ಕಲ್ಲಿರೋರು ಮುಟ್ಟಲೇಬಾರ್ದು. 2019ರಲ್ಲಿ ಇಟಲೀಲಿ ಇಂಥ ಕ್ಯಾಪ್ಸೂಲ್ ತಗೊಂಡ ಸುಮಾರು ಜನಕ್ಕೆ ಲಿವರ್ ಕೆಟ್ಟಿತ್ತು. ಗಿಡಮೂಲಿಕೆ ಅಂದ್ರೆ ಸೈಡ್ ಎಫೆಕ್ಟ್ ಇಲ್ಲ ಅನ್ನೋ ಮಾತು ಕೇಳಿದ್ರೆ ನಂಗೆ ಪಿತ್ತ ನೆತ್ತಿಗೇರುತ್ತೆ.

ಕೋಲಾರದಿಂದ: ಇದಕ್ಕೆ ಉಲ್ಟಾನೂ ಇದೆ. ನಮ್ಮ ನಾದಿನಿ ಬಸುರಿ, ಐರನ್ ಮಾತ್ರೆ ನುಂಗಿದ ಕೂಡ್ಲೇ ಕಾಫಿ ಕುಡಿಯೋಳು. ಕಾಫಿ, ಟೀ ಕುಡಿದ್ರೆ ಕಬ್ಬಿಣ ಮೈಗೆ ಸೇರಲ್ಲ ಅಂತ ಆಶಾ ಅಕ್ಕ ಬೈದ್ರು. ಈಗ ನಿಂಬೆ ಪಾನಕದ ಜೊತೆ ತಗೊಳ್ತಾಳೆ, ಕಾಫಿ ಒಂದೆರಡು ಗಂಟೆ ಬಿಟ್ಟು.

ಕೇಳಿದೋರು: ಥ್ಯಾಂಕ್ಸ್ ಎಲ್ರಿಗೂ. ಮಾತ್ರೆ ಶೀಟ್ ನೋಡ್ದೆ, ಆಮ್ಲೋಡಿಪಿನ್ ಅಂತಿದೆ.

ಚಿಂತಾಮಣಿಯಿಂದ: ಅಡುಗೆಗೆ ಹಾಕೋ ಅಷ್ಟು ಮೆಣಸಿಗೆ ಯೋಚ್ನೆ ಬೇಡ. ಕ್ಯಾಪ್ಸೂಲ್ ಡಾಕ್ಟರನ್ನ ಕೇಳ್ದೆ ತರಿಸ್ಬೇಡಿ, ಆಮ್ಲೋಡಿಪಿನ್ನೂ ಲಿವರಲ್ಲೇ ಬೇರೆ ರೂಪಕ್ಕೆ ತಿರುಗೋ ಮಾತ್ರೆ, ಪೈಪರಿನ್ ಅದನ್ನೂ ತಡೀಬಹುದು. ಅಮ್ಮಂಗೆ ತಲೆ ಸುತ್ತೋದು, ಪಾದ ಊದೋದು ಏನಾದ್ರೂ ಇದ್ರೆ ಬಿಪಿ ತೋರ್ಸೋಕೆ ಹೋದಾಗ ಹಾಲಿನ ವಿಷ್ಯನೂ ಸೇರಿಸಿ ಹೇಳಿ.