ಫ್ರೆಂಚ್ ಕಂಚಿನ ಗಡಿಯಾರ: ಡಯಲಿನ ಮೇಲಿನ ಹೆಸರು ಯಾರದು?

ಪ್ರಶ್ನೆ: 19ನೆಯ ಶತಮಾನದ ಆರಂಭದಲ್ಲಿ ಪ್ಯಾರಿಸಿನವರು ಅಗ್ಗಿಷ್ಟಿಕೆಯ ಮೇಲಿಡುತ್ತಿದ್ದ, ಚಿನ್ನದ ಲೇಪವುಳ್ಳ ಕಂಚಿನ ಗಡಿಯಾರಗಳಲ್ಲಿ ಶಿಲ್ಪವೇ ಮೆರೆಯುತ್ತದೆ, ಕೆಲವದರಲ್ಲಂತೂ ರಥದ ಗಾಲಿಯೇ ಡಯಲು. ಡಯಲಿನ ಮೇಲಿರುವ ಹೆಸರು ಶಿಲ್ಪಿಯದೆಂದು ತಿಳಿಯಬಹುದೇ?

ಉತ್ತರ 1: ತಿಳಿಯಲಾಗದು. ಆ ಹೆಸರು ಸಾಮಾನ್ಯವಾಗಿ ಗಡಿಯಾರದ ಯಂತ್ರವನ್ನು ಮಾಡಿದವನದು, ಇಲ್ಲವೇ ಮಾರಿದ ವ್ಯಾಪಾರಿಯದು. ಎರಕ ಹೊಯ್ಯುವುದು, ಉಳಿಯಿಂದ ತಿದ್ದುವುದು, ಚಿನ್ನ ಲೇಪಿಸುವುದು ಬೇರೆ ಬೇರೆ ಕೈಗಳ ಕೆಲಸವಾಗಿತ್ತು. 1791ರಲ್ಲಿ ರದ್ದಾಗುವವರೆಗೂ ವೃತ್ತಿಸಂಘಗಳು ಈ ಗಡಿಗಳನ್ನು ಕಾಯುತ್ತಿದ್ದವು. ನೆಪೋಲಿಯನ್ ಕಾಲದ ಪಿಯೆರ್-ಫಿಲಿಪ್ ತೊಮೀರ್ (1751–1843) ಹೆಸರಾದದ್ದು ಕಂಚಿನ ಕೆಲಸಕ್ಕೇ ಹೊರತು ಯಂತ್ರಕ್ಕಲ್ಲ.

ಉತ್ತರ 2: ಲೇಪದ ಬಗೆಗೂ ಒಂದು ಮಾತು. ಚಿನ್ನವನ್ನು ಪಾದರಸದಲ್ಲಿ ಬೆರೆಸಿ ಕಂಚಿಗೆ ಬಳಿದು ಕಾಯಿಸಿದಾಗ ಪಾದರಸ ಆವಿಯಾಗಿ ಚಿನ್ನ ಮಾತ್ರ ಅಂಟಿಕೊಂಡು ಉಳಿಯುತ್ತದೆ. ಆಮೇಲೆ ಬೇಕಾದ ಕಡೆ ನಯವಾದ ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಿದ್ದರು, ಉಳಿದದ್ದನ್ನು ಮಬ್ಬಾಗಿಯೇ ಬಿಡುತ್ತಿದ್ದರು. ದೇವತೆಯ ಸೆರಗಿನ ಮಡಿಕೆ ಮಂಕಾಗಿ, ಅಂಚು ಮಾತ್ರ ಥಳಥಳಿಸುವುದು ಇದರಿಂದಲೇ. ಆ ಆವಿಯನ್ನು ಉಸಿರಾಡಿದ ಕೆಲಸಗಾರರ ದೇಹಕ್ಕೆ ವಿಷವೇರುತ್ತಿತ್ತು ಎಂಬುದನ್ನು ಮರೆತು ಈ ಹೊಳಪನ್ನು ಹೊಗಳುವುದು ನನಗೆ ಕಷ್ಟ.

ಉತ್ತರ 3: ಕೊಳ್ಳುವವರು ಗಡಿಯಾರದ ತಳವನ್ನೂ ನೋಡಬೇಕು. ಲೇಪವಿಲ್ಲದ ಒಳಭಾಗದಲ್ಲಿ ಸಣ್ಣ ಗೀರು ಎಳೆದರೆ ಕಂಚು ಹಳದಿಯಾಗಿಯೂ, ಮುಂದೆ ಅಗ್ಗದ ಮಾಲಿಗೆ ಬಳಸಿದ ಸತುವಿನ ಮಿಶ್ರಲೋಹ ಬೂದುಬಣ್ಣವಾಗಿಯೂ ಕಾಣುತ್ತದೆ. ಲೋಲಕವು ರೇಷ್ಮೆ ದಾರದಲ್ಲಿ ತೂಗುತ್ತಿದ್ದರೆ ಯಂತ್ರವು ಬಹುಮಟ್ಟಿಗೆ 19ನೆಯ ಶತಮಾನದ ಮಧ್ಯಭಾಗಕ್ಕಿಂತ ಹಿಂದಿನದು. ಆದರೆ ಹಳೆಯ ಕವಚಕ್ಕೆ ಹೊಸ ಯಂತ್ರ ಕೂರಿಸಿದ್ದೂ ಉಂಟು.